ದೋಣಿಯವರು ಉಜ್ಜಿದ ಕೊಳ

ನಾವುಂದದ ಬಾಗಿಗೆ ಸಮುದ್ರವೆಂದರೆ ಮನೆಯ ಹಿತ್ತಲಿದ್ದ ಹಾಗೆ. ಹುಟ್ಟಿದ್ದು ಅದರ ಸದ್ದಿನಲ್ಲಿ, ಮದುವೆಯಾದದ್ದು ದೋಣಿಯ ಐತನನ್ನು, ಮಕ್ಕಳನ್ನು ಸಾಕಿದ್ದು ಮೀನಿನ ಬುಟ್ಟಿ ಹೊತ್ತು. ಆದರೂ ನೀರು ಅವಳ ಮೊಣಕಾಲಿಗಿಂತ ಮೇಲೆ ಏರಿದ್ದಿಲ್ಲ. ಗಂಡಸರು ದೋಣಿ ಹತ್ತುವುದು, ಹೆಂಗಸರು ದಡದಲ್ಲಿ ಬುಟ್ಟಿ ಹಿಡಿದು ಕಾಯುವುದು. ಹಾಗೇ ನಡೆದು ಬಂದದ್ದು. ಸಣ್ಣವಳಿದ್ದಾಗ ಅಣ್ಣಂದಿರು ಹೊಳೆಯಲ್ಲಿ ಅಂಗಾತ ಮಲಗಿ, ಕೈಕಾಲು ಬಿಟ್ಟು, ಆಕಾಶ ನೋಡುತ್ತ ತೇಲುವುದನ್ನು ಕಂಡು ಅವಳ ಹೊಟ್ಟೆ ಉರಿಯುತ್ತಿತ್ತು. ಕೂದಲು ಹಣ್ಣಾದರೂ ಆ ಉರಿ ಮಾತ್ರ ಆರಿರಲಿಲ್ಲ.

ಹಾಗಾಗಿ ಶೆಟ್ಟರ ಮನೆಯ ಸ್ನೇಹಲತಾ ಆ ಮಾತು ಎತ್ತಿದಾಗ, ಬಾಗಿ ತೂಗುತ್ತಿದ್ದ ಒಣಮೀನನ್ನು ತಕ್ಕಡಿಯಲ್ಲೇ ಬಿಟ್ಟಳು. ಸ್ನೇಹಲತಾ ಮತ್ತು ಅವಳ ಗಂಡ ಚಂದಯ್ಯ ಶೆಟ್ಟರು ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು. ತಮ್ಮ ತೆಂಗಿನ ತೋಟದಲ್ಲಿ ಒಂದು ಹೋಂಸ್ಟೇ ಕಟ್ಟಿ, ನಡುವೆ ಈಜುಕೊಳವನ್ನೂ ಮಾಡಿಸಿದ್ದರು.

"ಪ್ರವಾಸಿಗರು ಬಪ್ಪುದ್ ಮಳೆ ಬಿಟ್ಟ್ಮೇಲೆ ಬಾಗಕ್ಕ. ಅಲ್ಲಿವರೆಗೆ ಬೆಳಿಗ್ಗೆ ಹೊತ್ತ್ ಕೊಳ ಊರ ಹೆಂಗಸ್ರಿಗೆ. ನಮ್ಮ ಮಗಳ್ ಶರಣ್ಯಾ ಕಾಲೇಜಲ್ಲಿ ಈಜಿ ಕಪ್ ತಂದವ್ಳ್, ಅವಳೇ ಕಲ್ಸ್ತಾಳ್."

"ಮುದುಕಿಯರಿಗೂ ಉಂಟಾ ಅಮ್ಮ?"

"ಮುದುಕಿ ಯಾರ್ ಇಲ್ಲಿ?"

ಬಾಗಿ ಅಂದೇ ಕುಂದಾಪುರಕ್ಕೆ ಬಸ್ಸು ಹತ್ತಿ, ದೊಡ್ಡ ದೊಡ್ಡ ನೀಲಿ ಹೂವಿನ ಒಂದು ನೈಟಿ ತಂದಳು. ಈಜಲಿಕ್ಕೆಂದೇ. ಐತ ಅದನ್ನು ಕಂಡು ನಕ್ಕದ್ದೇ ನಕ್ಕದ್ದು.

"ನೀ ತೇಲೂದಾ? ಸೀಸದ ಗುಂಡ್ ಕಟ್ಟಿದ್ ಮೀನ್ ಬಲಿ ಕಣಂಗೆ ಸೀದಾ ಅಡಿಗ್ ಹೋತೆ ಕಾಣ್!"

"ಹೋದ್ರ್ ಹೋದೆ. ಅಡೀಲ್ ಎಂತ ಇತ್ ಅಂತ ಕಂಡ್ಕಂಡ್ ಬತ್ತೆ."

ಆದರೆ ಜೋರು ಮಳೆಗೆ ಕೊಳದ ನೀರು ಪಾಚಿ ಕಟ್ಟಿ ಹಸಿರಾಗಿತ್ತು. ಈಜು ಶುರುವಾಗುವ ಮೊದಲು ಅದನ್ನು ಚೊಕ್ಕ ಮಾಡಿಸಬೇಕಿತ್ತು. "ನಮ್ಮ ಸುಜಿತ ಇದ್ದ ಅಲ್ದಾ ಅಮ್ಮ," ಎಂದಳು ಬಾಗಿ. ಸುಜಿತ್ ಅವಳ ತಂಗಿಯ ಮಗ. ಗೋವಾದ ದೊಡ್ಡ ಹೋಟೆಲೊಂದರಲ್ಲಿ ಈಜುಕೊಳ ತೊಳೆಯುವ ಕೆಲಸ ಕಲಿತು ಬಂದು, ಊರಲ್ಲಿ ಅದನ್ನೇ ಸ್ವಂತ ಉದ್ಯೋಗ ಮಾಡಿಕೊಂಡಿದ್ದ. ಬೆನ್ನ ಮೇಲೆ 'ಪ್ರೊಫೆಷನಲ್' ಎಂದು ಬರೆಸಿದ ನೀಲಿ ಅಂಗಿಗಳನ್ನೂ ಹೊಲಿಸಿದ್ದ. ಅಂಗಿ ಇತ್ತು, ಹಾಕಿಕೊಳ್ಳುವ ಜನ ಇರಲಿಲ್ಲ. ಮಳೆಗಾಲ ನೋಡಿ, ದೋಣಿಗಳೆಲ್ಲ ದಡಕ್ಕೆ ಬಿದ್ದು ಗಂಡಸರು ಜಗಲಿ ಕಾಯುತ್ತಿದ್ದರು. ಐತನಿಗೂ ಅವನ ದೋಣಿಯ ಜತೆಗಾರ ಗುಡ್ಡನಿಗೂ ಅಂಗಿ ತೊಡಿಸಿಯೇ ಬಿಟ್ಟ. ಗುಡ್ಡನ ಹೊಟ್ಟೆಗೆ ಅದರ ಗುಂಡಿ ಕೂಡಲಿಲ್ಲ.

ಕೊಳದ ನೀರು ಖಾಲಿ ಮಾಡಿದ ಮೇಲೆ ಸುಜಿತ್ ಇಬ್ಬರ ಕೈಗೂ ಮೆತ್ತನೆ ಬ್ರಷ್ ಕೊಟ್ಟ. "ದೊಡ್ಡಪ್ಪ, ಇದ್ರಗೇ ಮೆಲ್ಲ ಉಜ್ಜಿ. ನಾನ್ ಬೈಂದೂರಿಗ್ ಹೋಯಿ ನೀರಿಗ್ ಹಾಕು ಮದ್ದ್ ತಕಂಡ್ ಬತ್ತೆ."

ಅವನ ಬೈಕು ಗೇಟು ದಾಟಿತೋ ಇಲ್ಲವೋ, ಗುಡ್ಡ ಬ್ರಷ್ಷನ್ನು ತಿರುಗಿಸಿ ಮುರುಗಿಸಿ ನೋಡಿದ. "ಐತಣ್ಣ, ಇದ್ ಹಲ್ಲ್ ತಿಕ್ಕೂದಾ ಎಂತ?"

ಪ್ರತಿ ಮಳೆಗಾಲ ಅವರು ಮಾಡುವ ಕೆಲಸ ಒಂದಿತ್ತು. ದೋಣಿಯನ್ನು ದಡಕ್ಕೆಳೆದು, ಮಗುಚಿ ಹಾಕಿ, ಅದರ ಅಡಿಗೆ ಕಚ್ಚಿಕೊಂಡ ಚಿಪ್ಪುಗಳನ್ನು ಕಬ್ಬಿಣದ ಚಪ್ಪಟೆ ಉಳಿಯಿಂದ ಹೆರೆದು ತೆಗೆಯುವುದು. ಒಂದು ಚಿಪ್ಪು ಉಳಿದರೂ ದೋಣಿ ನೀರಲ್ಲಿ ಭಾರವಾಗುತ್ತದೆ. ಹಾಗಾಗಿ ಆ ಕೆಲಸದಲ್ಲಿ ದಾಕ್ಷಿಣ್ಯ ಇಲ್ಲ. ಇಲ್ಲಿಯೂ ಕೊಳದ ಗೋಡೆಗೆ ಬೆಳ್ಳಗೆ, ಉರುಟುರುಟಾಗಿ ಏನೇನೋ ಅಂಟಿಕೊಂಡಿತ್ತು. ಐತ ಮನೆಗೆ ಹೋಗಿ ಉಳಿ ತಂದ. ಮಧ್ಯಾಹ್ನದ ತನಕ ಇಬ್ಬರೂ ಹಾಡು ಹೇಳಿಕೊಂಡು ಹೆರೆದರು.

ಸುಜಿತ್ ಬಂದು ನೋಡಿದವನು ಮದ್ದಿನ ಡಬ್ಬಿ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಕೊಳ ಅರ್ಧ ಹುರುಪೆ ತೆಗೆದ ಮೀನಿನ ಹಾಗೆ ಕಾಣುತ್ತಿತ್ತು. ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಬೂದು ಸಿಮೆಂಟು. ಚಂದಯ್ಯ ಶೆಟ್ಟರು ಕೊಡೆ ಹಿಡಿದು ಓಡಿ ಬಂದರು.

"ಐತಾ! ಇದ್ ಕೊಳ ಮಾರಾಯ, ನಿನ್ ದೋಣಿ ಅಲ್ಲ!"

"ಅಂಟ್ಕಂಡದ್ದ್ ಪೂರಾ ತೆಗ್ದಿತ್ ಶೆಟ್ರೇ. ಒಂದ್ ಚಿಪ್ಪೂ ಉಳೀಲಿಲ್ಲ."

"ಅದ್ ಚಿಪ್ಪಲ್ಲ, ಪ್ಲಾಸ್ಟರ್!"

ಶರಣ್ಯಾ ಒಳಗಿಳಿದು ಗೋಡೆಯ ಮೇಲೆ ಅಂಗೈ ಸವರಿದಳು; ಚರ್ಮ ತರಚಿತು. ಇದರಲ್ಲಿ ಬರಿಗಾಲು ಇಡುವ ಹಾಗಿರಲಿಲ್ಲ.

ಮರುದಿನ ಬ್ರಹ್ಮಾವರದಿಂದ ಯತೀಶ್ ಬಂದ. ಈಜುಕೊಳದ ಪ್ಲಾಸ್ಟರ್ ಮಾಡುವುದೇ ಅವನ ಕಸುಬು. ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಹೋದ, ತೆಂಗಿನಕಾಯಿ ಆರಿಸುವವರ ಹಾಗೆ. ಟೊಳ್ಳು ಸದ್ದು ಬಂದಲ್ಲಿ ಚಾಕ್‌ನಿಂದ ಒಂದು ಸುತ್ತು ಗೆರೆ.

"ಎದ್ದದ್ದನ್ನೆಲ್ಲ ಕಿತ್ತ್ ತೆಗೂಕ್. ಬಿಳಿ ಸಿಮೆಂಟ್ ಹಾಕಿ ಹೊಸ್ತ್ ಮಾಡ್ಲಕ್ಕ್," ಎಂದ. "ಆರೆ ಈ ಮಳೀಲ್ ಆತಿಲ್ಲ. ಹಸಿ ಪ್ಲಾಸ್ಟರಿಗೆ ಮಳಿ ಬಡ್ದ್ರೆ ಪೂರಾ ಗುಳಿ. ಮಳಿ ಬಿಟ್ಮೇಲ್ ಬತ್ತೆ."

ಮಳೆ ಬಿಟ್ಟ ಮೇಲೆ ಪ್ರವಾಸಿಗರು. ಸ್ನೇಹಲತಾ ಬಾಗಿಯ ಭುಜ ಮುಟ್ಟಿದಳು. "ಈಜು ಇನ್ನ್ ಬಪ್ಪ ವರ್ಷವೇ ಬಾಗಕ್ಕ. ಬೇಜಾರ್ ಮಾಡ್ಕಣ್ಬೇಡಿ."

"ಆಯ್ಲಿ ಅಮ್ಮ. ಕೊಳ ಎಲ್ಲಿಗೂ ಓಡಿ ಹೋತಿಲ್ಲ ಅಲ್ದಾ," ಎಂದು ಬಾಗಿ ನಕ್ಕಳು. ಅವಳ ವಾರಗೆಯಲ್ಲಿ ಬಪ್ಪ ವರ್ಷ ಅಂದವರೆಲ್ಲ ಬಪ್ಪ ವರ್ಷಕ್ಕೆ ಸಿಕ್ಕಿರಲಿಲ್ಲ. ಆದರೆ ಅದನ್ನು ಹೇಳುವ ಜಾಗ ಅದಲ್ಲ.

ಮನೆಗೆ ಬಂದ ಐತ ಬೈಗುಳಕ್ಕೆ ತಯಾರಾಗಿ ಕೂತ. ಉತ್ತರಗಳನ್ನೂ ಜೋಡಿಸಿಕೊಂಡಿದ್ದ. ಬಾಗಿ ಗಂಜಿ ಬಡಿಸಿದಳು, ಒಣ ಸಿಗಡಿ ಚಟ್ನಿ ಹಾಕಿದಳು. ಆಮೇಲೆ ನೀಲಿ ಹೂವಿನ ನೈಟಿಯನ್ನು ಹಗ್ಗದಿಂದ ತೆಗೆದು, ಮೊಣಕಾಲ ಮೇಲಿಟ್ಟು ನೆರಿಗೆ ಹಿಡಿದು ಮಡಚಿ, ಟ್ರಂಕಿನ ತಳಕ್ಕೆ ಸೇರಿಸಿ, ಮೇಲೊಂದು ನುಸಿಗುಳಿಗೆ ಇಟ್ಟಳು. ಐತ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದ.

"ಎಂತಾರೂ ಬಯ್ಯೆ ಮಾರಾಯ್ತಿ."

"ಬಯ್ದ್ರೆ ಪ್ಲಾಸ್ಟರ್ ಹಿಡೀತಾ?"

ಬೆಳಗಾಗುತ್ತಲೇ ಐತ ಗುಡ್ಡನನ್ನು ಎಬ್ಬಿಸಿದ. ಇಬ್ಬರೂ ಕಡಲ ಬದಿಗೆ ಹೋಗಿ ತಮ್ಮ ದೋಣಿಗೆ ಮುಚ್ಚಿದ್ದ ಟಾರ್ಪಾಲು ಬಿಚ್ಚಿದರು. ಸಾಲಲಿಲ್ಲ. ಪಕ್ಕದ ಜಿತೇಂದ್ರನ ದೋಣಿಯದ್ದನ್ನೂ ಬಿಚ್ಚಿದರು. ಅವನು ಕೂಗಾಡುತ್ತ ಬಂದವನು, ಸಂಗತಿ ತಿಳಿದು ಹಗ್ಗ ಹೊತ್ತು ಅವರ ಹಿಂದೆಯೇ ನಡೆದ. ದೋಣಿಗಳಿಗೆ ತೆಂಗಿನ ಮಡಲು ಮುಚ್ಚಿದರಾಯಿತು. ಶೆಟ್ಟರ ತೋಟದಲ್ಲಿ ತೆಂಗಿನ ಮರದಿಂದ ಮರಕ್ಕೆ ಹಗ್ಗ ಬಿಗಿದು, ನಡುವೆ ಗಳ ಕೊಟ್ಟು ಎತ್ತಿ, ನೀರು ಎರಡೂ ಬದಿಗೆ ಜಾರುವ ಹಾಗೆ ಇಳಿಜಾರು ಮಾಡಿ ಟಾರ್ಪಾಲು ಹೊದೆಸಿದರು. ಗಾಳಿ ಬಂದು ಎಳೆದರೂ ಗಂಟು ಸಡಿಲವಾಗಲಿಲ್ಲ. ಸಮುದ್ರದ ಗಾಳಿಗೆ ಹಾಕಿ ರೂಢಿಯಾದ ಗಂಟು ಅದು.

ಚಂದಯ್ಯ ಶೆಟ್ಟರು ಹಲ್ಲುಜ್ಜುತ್ತ ಹೊರಗೆ ಬಂದರು. "ಹ್ವಾಯ್! ಎಂತ ಚಪ್ಪರ ಇದ್? ಯಾರ್ ಮದಿ?"

"ಕೊಳದ್ದ್ ಶೆಟ್ರೇ," ಎಂದ ಐತ ಗಳದ ತುದಿಯಿಂದ. "ಮಳೀಲ್ ದೋಣಿ ಒಣಗಿ ಇರತ್ ಅಂದ್ರೆ ಕೊಳ ಎಂತಕ್ ಇಪ್ಪುದಿಲ್ಲ?"

ಶೆಟ್ಟರು ಬೈಯಲು ಬಾಯಿ ತೆರೆದರು. ಬಾಯಿತುಂಬ ನೊರೆ ಇತ್ತು. ಉಗುಳಿ ಬರುವಷ್ಟರಲ್ಲಿ ಸಿಟ್ಟೂ ಹೋಗಿತ್ತು. ಒಳಗೆ ಹೋಗಿ ಯತೀಶನಿಗೆ ಫೋನು ಮಾಡಿದರು. ಆ ದಿನ ಇಡೀ ಧೋ ಎಂದು ಮಳೆ ಸುರಿಯಿತು. ಮರುದಿನ ಬಂದ ಯತೀಶ್ ಕೊಳಕ್ಕಿಳಿದು ನೆಲವನ್ನು ಮುಟ್ಟಿ ನೋಡಿದ, ಗೋಡೆ ಮುಟ್ಟಿದ, ತಲೆಯೆತ್ತಿ ಟಾರ್ಪಾಲು ನೋಡಿದ. "ಮಾಡ್ಲಕ್ಕ್," ಎಂದ.

ಟೊಳ್ಳಾದ ಜಾಗ ಕಿತ್ತು ತೆಗೆಯುವ ಕೆಲಸ ಮತ್ತೆ ಐತನ ಉಳಿಗೇ ಬಂತು. ಆದರೆ ಈ ಸಲ ಬಾಗಿ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕಾವಲು ಕೂತಿದ್ದಳು.

"ಹ್ವಾಯ್, ಗೆರಿ ದಾಟ್ಬೇಡಿ!"

"ದಾಟ್ಲಿಲ್ಲ ಮಾರಾಯ್ತಿ!"

"ದಾಟಿದ್ರಿ. ನಂಗ್ ಕಾಂತಿತ್."

ಹೊಸ ಪ್ಲಾಸ್ಟರ್ ಬಿತ್ತು. ಅದು ಬಿರುಕು ಬಿಡಬಾರದೆಂದು ಯತೀಶ್ ಬೇಗನೇ ಕೊಳಕ್ಕೆ ನೀರು ತುಂಬಿಸಿದ. ಹೋಗುವಾಗ ಹೇಳಿದ: "ಹಸಿ ಗ್ವಾಡಿ, ಹಸಿ ಬಾಣಂತಿ ಎರಡೂ ಒಂದೇ. ದಿನಾ ಎರಡ್ ಹೊತ್ತ್ ಮೆಲ್ಲ ಉಜ್ಜಿ, ಮೇಲ್ ಕೂತ ಹುಡಿ ತೆಗೂಕ್. ಬಿಟ್ರೆ ಅದೇ ಗಟ್ಟಿಯಾಯಿ ಮತ್ತೆ ತರಿತರಿ."

ಈಜು ಕಲಿಯಲು ಹೆಸರು ಕೊಟ್ಟ ಹೆಂಗಸರೇ ಉದ್ದ ಕೋಲಿನ ಬ್ರಷ್ ಹಿಡಿದು ಸುತ್ತ ನಿಂತರು. ಐತನೂ ಬಂದು ಕೈ ಚಾಚಿದ. ಬಾಗಿ ಬ್ರಷ್ ಕೊಡಲಿಲ್ಲ.

"ಬೈಗಿ ಮೀನ್ ತೊಳುಕ್ ಗೊತ್ತಿತ್ತಾ? ಹೊಟ್ಟಿ ಒಡೀದಿದ್ ಹಾಂಗೆ?"

"ಮೀನ್ ಹಿಡೂದ್ ನಾನ್, ತೊಳೂದ್ ನೀನ್."

"ಹಾಂಗಾರೆ ಇವತ್ತ್ ಕಲೀನಿ."

ಅವನ ಕೈಯ ಮೇಲೆ ತನ್ನ ಕೈಯಿಟ್ಟು ಕೋಲು ನಡೆಸಿದಳು. ಮೊದಲೆರಡು ದಿನ ಅವನ ತೋಳು ಬಿಗಿದೇ ಇತ್ತು. ಆಮೇಲೆ ಹದ ಸಿಕ್ಕಿತು. ಸುಜಿತ್ ಧೈರ್ಯ ಮಾಡಿ ನೀಲಿ ಅಂಗಿಯನ್ನು ಮತ್ತೆ ದೊಡ್ಡಪ್ಪನಿಗೆ ಕೊಟ್ಟ. ಗುಡ್ಡನಿಗೆ ಮಾತ್ರ ಹೊಸತು ಹೊಲಿಸಬೇಕಾಯಿತು.

ಚೌತಿ ಕಳೆದು ಕೊಳದ ಮೇಲಿನ ಟಾರ್ಪಾಲು ಬಿಚ್ಚಿದ ಮೇಲೆ, ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ನುಸಿಗುಳಿಗೆಯ ವಾಸನೆ ಬರುವ ನೀಲಿ ಹೂವಿನ ನೈಟಿ ತೊಟ್ಟು ಬಾಗಿ ಮೆಟ್ಟಿಲಿಳಿದಳು. ಮೊಣಕಾಲು. ಸೊಂಟ. ಎದೆ. ಶರಣ್ಯಾ ಅವಳ ಬೆನ್ನಿನಡಿ ಅಂಗೈ ಕೊಟ್ಟು, "ಅಜ್ಜಿ, ತಲೆ ಹಿಂದಕ್ಕೆ ಬಿಡಿ. ಕಿವಿಗೆ ನೀರು ಹೋದ್ರೆ ಹೋಗ್ಲಿ," ಎಂದಳು.

ಬಾಗಿ ತಲೆ ಬಿಟ್ಟಳು. ಕಾಲು ತಾನಾಗಿ ಮೇಲೆದ್ದಿತು. ಹಿಮ್ಮಡಿ ಒಮ್ಮೆ ಗೋಡೆಗೆ ತಾಗಿತು. ಐತ ಹೆರೆದು, ಯತೀಶ ಮೆತ್ತಿ, ತಾನು ಉಜ್ಜಿದ ಜಾಗವೇ. ಮೊಟ್ಟೆಯ ಸಿಪ್ಪೆಯ ಹಾಗೆ ನುಣ್ಣಗಿತ್ತು. ಮೇಲೆ ತೆಂಗಿನ ಗರಿಗಳು, ಗರಿಗಳ ನಡುವೆ ಆಕಾಶ. ಬೆನ್ನಿನಡಿಯ ಅಂಗೈ ಯಾವಾಗ ಸರಿಯಿತೋ ಅವಳಿಗೆ ತಿಳಿಯಲಿಲ್ಲ.

ದೋಣಿಗಳು ಮತ್ತೆ ಕಡಲಿಗಿಳಿದಿದ್ದವು. ಬೆಳಗಿನ ದೋಣಿಯಿಂದ ನೇರ ಬಂದ ಐತ ಅಂಚಿನಲ್ಲಿ ನಿಂತು, ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಮುಳುಗಲಿಲ್ಲವಾ ಎನ್ನುತ್ತಿದ್ದನೋ, ಕಾಲು ಸಡಿಲ ಬಿಡು ಎನ್ನುತ್ತಿದ್ದನೋ. ಬಾಯಿ ಆಡುವುದು ಕಾಣುತ್ತಿತ್ತು; ಬಾಗಿಯ ಕಿವಿ ಎರಡೂ ನೀರೊಳಗಿದ್ದವು. ಮದುವೆಯಾದಂದಿನಿಂದ ಅವನು ಮಾತಾಡುತ್ತಲೇ ಇದ್ದೂ ಒಂದಕ್ಷರ ಕೇಳಿಸದೆ ಇದ್ದದ್ದು ಅದೇ ಮೊದಲು.

ಅವಳು ಏಳುವ ಆತುರವನ್ನೇನೂ ಮಾಡಲಿಲ್ಲ.