ಏನೂ ಮಾಡಬಾರದ ಹದಿನೈದು ಜನ

ಈ ವರ್ಷ ಫೆಲೋಶಿಪ್ ಸಿಗದಿದ್ದರೆ ಇನ್ನು ಯಾವತ್ತೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕ್ರೀಡಾ ವೈದ್ಯಕೀಯದಲ್ಲಿ ಒಂದು ವರ್ಷದ ತರಬೇತಿ, ಒಟ್ಟು ಆರೇ ಸೀಟು, ವಯಸ್ಸಿನ ಮಿತಿ ಮೂವತ್ತು. ನನಗೆ ಇಪ್ಪತ್ತೊಂಬತ್ತು ತುಂಬಿ ಆಗಲೇ ನಾಲ್ಕು ತಿಂಗಳು. ಹೋದ ವರ್ಷ ಸಂದರ್ಶನದಲ್ಲಿ "ಸ್ವಂತ ಸಂಶೋಧನೆ ಏನಿದೆ?" ಎಂದು ಕೇಳಿದಾಗ ಕಣ್ಣು ಕಣ್ಣು ಬಿಟ್ಟಿದ್ದೆ. ಯಲಹಂಕದ ಕ್ಲಿನಿಕ್ಕಿನಲ್ಲಿ ದಿನಕ್ಕೆ ಇಪ್ಪತ್ತು ಮಂಡಿ, ಹತ್ತು ಸೊಂಟ ನೋಡುವ ಫಿಸಿಯೋಥೆರಪಿಸ್ಟಿಗೆ ಸಂಶೋಧನೆ ಮಾಡಲು ಪುರುಸೊತ್ತೆಲ್ಲಿ? ಹಾಗಂತ ಅವರ ಮುಂದೆ ಹೇಳಲು ಆಗುತ್ತದೆಯೇ?

ಅದಕ್ಕೇ ಈ ಸಲ ಅಟ್ಟೂರಿನ ಥ್ರೋಬಾಲ್ ಹೆಂಗಸರನ್ನು ಹಿಡಿದೆ. ಬಡಾವಣೆಯ ಮೈದಾನದಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಮೂವತ್ತು ಜನ ಸೇರುತ್ತಾರೆ. ಎಲ್ಲರಿಗೂ ನಲವತ್ತು ದಾಟಿದೆ. ಚೂಡಿದಾರದ ಮೇಲೆ ಗಂಡನ ಟೀ ಶರ್ಟು, ಕಾಲಿಗೆ ಮಗನ ಹಳೇ ಶೂ. ತಿಂಗಳಿಗೆ ಇಬ್ಬರಾದರೂ ಕಾಲು ಉಳುಕಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಆಟಕ್ಕೆ ಮುಂಚೆ ಎಂಟು ಕಸರತ್ತು ಮಾಡಿದರೆ ಈ ಉಳುಕು ಕಡಿಮೆಯಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಚೀಟಿ ಎತ್ತಿಸಿ ಎರಡು ಗುಂಪು ಮಾಡಿದೆ. ಎ ಗುಂಪಿನವರಿಗೆ ಕ್ಲಿನಿಕ್ಕಿನಲ್ಲಿ ಕಸರತ್ತು ತೋರಿಸಿ, ಚಿತ್ರವಿರುವ ಹಾಳೆ ಕೊಟ್ಟು, ಮನೆಯಲ್ಲೇ ಮಾಡಿಕೊಂಡು ಮೈದಾನಕ್ಕೆ ಬನ್ನಿ ಎಂದೆ. ಬಿ ಗುಂಪಿನವರು ಮೊದಲಿನಂತೆಯೇ ಆಡಿಕೊಂಡಿರಬೇಕು. ಹನ್ನೆರಡು ವಾರದ ನಂತರ ಎರಡೂ ಗುಂಪುಗಳನ್ನು ಹೋಲಿಸಿದರೆ ಕಸರತ್ತಿನ ಗುಣ ತಾನಾಗಿ ಕಾಣುತ್ತದೆ.

ಮುನಿಯಲ್ಲಮ್ಮನಿಗೆ ಬಿ ಚೀಟಿ ಬಂತು. ಆ ಮೈದಾನದ ಸುತ್ತಲಿನ ಜಮೀನೆಲ್ಲ ಒಂದು ಕಾಲಕ್ಕೆ ಅವರ ಮಾವನದು. ಈಗ ಅದರಲ್ಲಿ ಅವರದೇ ಮೂರು ಬಿಲ್ಡಿಂಗ್ ಎದ್ದಿವೆ.

"ನಂಗೇನ್ ಕೊಡ್ತೀಯವ್ವ?" ಎಂದರು.

"ನಿಮಗೇನೂ ಇಲ್ಲ ಆಂಟಿ. ನೀವು ಕಂಟ್ರೋಲ್ ಗ್ರೂಪು."

"ಅಂಗಂದ್ರೆ?"

"ನೀವು ಏನೂ ಮಾಡ್ಬಾರ್ದು."

ಮದುವೆ ಊಟದಲ್ಲಿ ತಮ್ಮ ಎಲೆ ದಾಟಿ ಪಾಯಸದ ಬಕೆಟ್ ಮುಂದೆ ಹೋದರೆ ಹೇಗೆ ನೋಡುತ್ತಾರೋ ಹಾಗೆ ಒಂದು ಸಲ ನನ್ನನ್ನು ನೋಡಿದರು. ಆಮೇಲೆ "ಸರಿ ಬುಡವ್ವ" ಎಂದು ಸುಮ್ಮನಾದರು. ಎಷ್ಟು ಬೇಗ ಒಪ್ಪಿದರಲ್ಲ ಎಂದು ನಾನು ಖುಷಿಪಟ್ಟೆ. ನನ್ನ ಬುದ್ಧಿಗಿಷ್ಟು!

ಹನ್ನೆರಡನೇ ವಾರ ಎಲ್ಲರನ್ನೂ ಕಣ್ಣು ಮುಚ್ಚಿಸಿ ಒಂಟಿ ಕಾಲಿನಲ್ಲಿ ನಿಲ್ಲಿಸಿ ಸೆಕೆಂಡು ಎಣಿಸಿದೆ. ಶುರುವಿನಲ್ಲಿ ಎಲ್ಲರೂ ಸರಾಸರಿ ಆರು ಸೆಕೆಂಡು ನಿಂತಿದ್ದರು. ಈಗ ಎ ಗುಂಪು ಎಂಟು, ಬಿ ಗುಂಪು ಹದಿನೇಳು. ಎ ಗುಂಪಿನಲ್ಲಿ ಮೂರು ಕಾಲು ಉಳುಕಿದ್ದವು, ಬಿ ಗುಂಪಿನಲ್ಲಿ ಒಂದೂ ಇಲ್ಲ. ಏನೂ ಮಾಡದವರು ಗೆದ್ದಿದ್ದರು! ಸ್ಟಾಪ್‌ವಾಚ್ ಬದಲಾಯಿಸಿ ಎರಡನೇ ಸಲ ಅಳೆದೆ. ಬಿ ಗುಂಪು ಹತ್ತೊಂಬತ್ತಕ್ಕೆ ಹೋಯಿತು.

ಆ ಸಂಜೆಯೇ ಕೇಳೋಣವೆಂದು ಮುನಿಯಲ್ಲಮ್ಮನ ಮನೆಗೆ ಹೋದೆ. ಗೇಟು ತೆಗೆಯುವಾಗಲೇ ತಾರಸಿಯಿಂದ ಎಣಿಕೆ ಕೇಳಿಸಿತು. ಹತ್ತಿ ನೋಡಿದರೆ ಬಿ ಗುಂಪಿನ ಹದಿನೈದೂ ಜನ ಸಾಲಾಗಿ ನಿಂತು ನನ್ನ ಆರನೇ ಕಸರತ್ತು ಮಾಡುತ್ತಿದ್ದಾರೆ. ಎದುರಿಗೆ ನಿಂತು ಮಾಡಿಸುತ್ತಿದ್ದವರು ಎ ಗುಂಪಿನ ಚನ್ನಕ್ಕ. ಅದೇ ಮನೆಯಲ್ಲಿ ಬಾಡಿಗೆಗಿದ್ದು ಬಟ್ಟೆ ಹೊಲಿಯುವವರು, ನನ್ನ ಹಾಗೆಯೇ ಗದಗಿನ ಕಡೆಯವರು.

"ಏನ್ರೀ ಚನ್ನಕ್ಕ ಇದು?" ಎಂದು ರೇಗಿದೆ.

"ಸಿಟ್ಟಾಗಬ್ಯಾಡ ನಮ್ಮವ್ವ" ಎಂದರು ಚನ್ನಕ್ಕ. "ಒಂದ ಮೈದಾನದಾಗ ಆಡತೀವಿ. ನಮಗಷ್ಟ ಬಡಿಸಿ ಇವರ ಎಲಿ ಖಾಲಿ ಬಿಟ್ರ ನಮಗರ ತುತ್ತು ಇಳೀತದೇನು?"

"ಪಂಕ್ತಿಭೇದ ಮಾಡ್ಬಾರ್ದು ಕಣವ್ವ" ಎಂದು ಮುನಿಯಲ್ಲಮ್ಮ ಸೇರಿಸಿದರು. "ಓದಿರೋಳು, ನಿಂಗ್ ಒಳೀಲಿಲ್ಲ. ನಾವೇ ಸರಿ ಮಾಡ್ಕೊಂಡ್ವಿ."

"ವಾರವಾರ ಫೋನ್ ಮಾಡಿ ಏನಾದ್ರೂ ಮಾಡ್ತಿದೀರಾ ಅಂತ ಕೇಳ್ತಿದ್ನಲ್ಲ ಆಂಟಿ!"

"ಇಲ್ಲ ಅಂತಿದ್ವಿ. ಮಾಡ್ತೀವಿ ಅಂದ್ರೆ ನಿಂಗ್ ಬೇಜಾರಾಗಾಕಿಲ್ವಾ?"

ನನಗೆ ಅಳು ಬಂತು, ಅತ್ತೂ ಬಿಟ್ಟೆ. ಕಂಟ್ರೋಲ್ ಗುಂಪು ಕೆಟ್ಟರೆ ಸಂಶೋಧನೆ ಕೆಟ್ಟ ಹಾಗೆ, ಸಂಶೋಧನೆ ಕೆಟ್ಟರೆ ಸಂದರ್ಶನದಲ್ಲಿ ಸೀಟು ಸಿಗುವುದಿಲ್ಲ, ಮುಂದಿನ ವರ್ಷ ನನ್ನ ವಯಸ್ಸು ಮುಗಿಯುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹದಿನಾರು ಜನವೂ ತಲೆ ತಗ್ಗಿಸಿದರು. ಕೊನೆಗೆ ಮುನಿಯಲ್ಲಮ್ಮ, "ಆ ಇಂಟರ್ವೂ ಎಲ್ಲೈತೆ ಏಳು. ಟೆಂಪೋ ಮಾಡ್ಕೊಂಡು ಎಲ್ರೂ ಬತ್ತೀವಿ, ತಪ್ಪು ನಮ್ದು ಅಂತೀವಿ" ಎಂದರು. ನಾನು ಕಣ್ಣೊರೆಸಿಕೊಂಡು ಇಳಿದು ಬಂದೆ.

ಮಾರನೇ ದಿನ ಕ್ಲಿನಿಕ್ಕಿನ ಯಜಮಾನ ಡಾಕ್ಟರ್ ನಿರಂಜನ್ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ಸಿಂಪಲ್ ಕಣ್ರೀ ಸ್ನೇಹಾ. ಎ ಇರೋ ಕಡೆ ಬಿ ಮಾಡಿ, ಬಿ ಇರೋ ಕಡೆ ಎ ಮಾಡಿ. ಯಾರಿಗ್ ಗೊತ್ತಾಗತ್ತೆ?" ಎಂದರು.

ಮಾಡಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಎರಡು ಅಕ್ಷರ ಬದಲಾಯಿಸಿದ್ದಷ್ಟೇ, ಕಂಪ್ಯೂಟರಿನಲ್ಲಿ ಎಂತಹ ಚಂದದ ಫಲಿತಾಂಶ ಬಂತೆಂದರೆ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ಆದರೆ ಆ ಮೂರು ಉಳುಕಿದ ಕಾಲುಗಳನ್ನು ಬಿ ಗುಂಪಿನವರದೆಂದು ಬರೆಯಬೇಕಾಗಿತ್ತು. ಅವು ಯಾರ ಕಾಲೆಂದು ನನಗೆ ಗೊತ್ತು, ಪಟ್ಟಿ ಕಟ್ಟಿದ್ದೇ ನಾನು. ಎರಡೂ ಅಕ್ಷರಗಳನ್ನು ಮೊದಲಿನ ಜಾಗಕ್ಕೆ ಹಾಕಿ, ತಾರಸಿಯ ಕತೆಯನ್ನೂ ಬರೆದು ಫೆಲೋಶಿಪ್ ಅರ್ಜಿಯ ಜೊತೆ ಕಳಿಸಿಬಿಟ್ಟೆ.

ಸಂದರ್ಶನ ಹೆಬ್ಬಾಳದ ಕಡೆ ಒಂದು ಸಂಸ್ಥೆಯಲ್ಲಿ. ಮೂವರು ಕೂತಿದ್ದರು. ನಡುವೆ ಇದ್ದ ಹಿರಿಯ ಡಾಕ್ಟರಮ್ಮ ನನ್ನ ಕಾಗದಗಳನ್ನು ಓದಿ ಮುಗಿಸಿ ತಲೆಯೆತ್ತಿದರು.

"ಹಾಳೆ ತಗೊಂಡೋರಲ್ಲಿ ದಿನಾ ಕಸರತ್ತು ಮಾಡಿದೋರು ಎಷ್ಟು ಜನ?"

"ಆಮೇಲೆ ವಿಚಾರಿಸಿದೆ. ನಾಲ್ಕು ಜನ, ಮೇಡಂ."

"ತಾರಸಿ ಮೇಲೆ?"

"ಹದಿನೈದೂ ಜನ."

"ಮೂವತ್ತು ವರ್ಷದಿಂದ ಹಾಳೆ ಹಂಚ್ತಾ ಇದೀನಿ ಕಣಮ್ಮ" ಎಂದು ಅವರು ಕನ್ನಡಕ ತೆಗೆದರು. "ಹದಿನೈದಕ್ಕೆ ಹದಿನೈದು ಯಾವತ್ತೂ ನೋಡಿಲ್ಲ. ಆ ಚನ್ನಕ್ಕ ಹೇಗೆ ಕಲಿಸಿದ್ರು?"

"ಗೊತ್ತಿಲ್ಲ ಮೇಡಂ. ನಾನು ಬೈದು, ಅತ್ತು, ಬಂದುಬಿಟ್ಟೆ."

ಮೂವರೂ ನಕ್ಕರು.

"ಹಾಗಾದ್ರೆ ಹೋಗಿ ಕಲ್ತ್ಕೊಳ್ಳಿ. ಇಲ್ಲಿ ನಿಮ್ಮ ಒಂದು ವರ್ಷದ ಕೆಲಸ ಅದೇ" ಎಂದು ಅವರು ಮುಂದಿನವರನ್ನು ಕರೆಸಿದರು. ಅವರು ಕೊಟ್ಟಿದ್ದು ಸೀಟು ಎಂದು ನನಗೆ ಹೊಳೆದದ್ದು ಲಿಫ್ಟು ಕೆಳಗಿಳಿದ ಮೇಲೆ. ವಾಚ್‌ಮನ್ ನೋಡುತ್ತಿದ್ದಾನೆಂಬ ಪರಿವೆಯೂ ಇಲ್ಲದೆ ಅಲ್ಲೇ ಕುಣಿದುಬಿಟ್ಟೆ.

ಮಾರನೇ ಸಂಜೆ ತಾರಸಿಯ ಕೊನೆಯ ಸಾಲಿನಲ್ಲಿ, ಕೈಯಲ್ಲಿ ನೋಟ್‌ಬುಕ್ ಹಿಡಿದು ನಿಂತೆ. ಚನ್ನಕ್ಕ ಬಂದು ನೋಟ್‌ಬುಕ್ ಕಿತ್ತು ನೀರಿನ ಟ್ಯಾಂಕಿನ ಮೇಲಿಟ್ಟರು. "ಬಗ್ಗು" ಎಂದರು. ಬಗ್ಗಿದೆ. ಅವರು ನನ್ನ ಸುತ್ತ ಒಂದು ಸಲ ತಿರುಗಿ, ಮಂಡಿಗೆ ಬೆರಳಿನಿಂದ ತಟ್ಟಿದರು.

"ಮೊಣಕಾಲು ಒಳಗ ಬಾಗಾಕತ್ತಾವು ನೋಡವ್ವ."

"ಚನ್ನಕ್ಕ, ನಾನು ಫಿಸಿಯೋ ಅದೀನ್ರೀ!"

"ಇರಲಿ ತಗೋ. ಮೊಣಕಾಲಿಗೇನ ಗೊತ್ತು ನೀ ಓದೀದಿ ಅಂತ?"

ಮುಂದಿನ ಸಾಲಿನಿಂದ ಮುನಿಯಲ್ಲಮ್ಮ ಕಿಸಕ್ಕೆಂದರು. ನಾನು ತಲೆ ತಗ್ಗಿಸಿ ನೋಡಿಕೊಂಡೆ. ಆರು ವರ್ಷದಿಂದ ಊರವರ ಮಂಡಿಗಳನ್ನೆಲ್ಲ ನೋಡುತ್ತಾ ಬಂದವಳು ನಾನು. ಎರಡೂ ನಿಜವಾಗಿಯೂ ಒಳಕ್ಕೆ ಬಾಗಿದ್ದವು.

"ಇನ್ನೊಂದ ಸಲ ತೋರಸ್ರೀ" ಎಂದೆ.