ಉಳಿಸಿಟ್ಟ ಕೊನೆಯ ಅಧ್ಯಾಯ

ಅಪ್ಪ ಹೋಗಿ ತಿಂಗಳು ತುಂಬುವ ಮೊದಲೇ ಅಣ್ಣಂದಿರಿಬ್ಬರೂ ರಟ್ಟಿನ ಪೆಟ್ಟಿಗೆಗಳ ಸಮೇತ ಬಂದಿಳಿದರು. ವಕೀಲನಾದ ದೊಡ್ಡಣ್ಣ ಅಪ್ಪನ ಕಪಾಟಿನಿಂದ ಕಾನೂನಿನ ದಪ್ಪ ಸಂಪುಟಗಳನ್ನು ತುಂಬಿಕೊಂಡ. ಡಾಕ್ಟರಾದ ಚಿಕ್ಕಣ್ಣ ವೈದ್ಯಶಾಸ್ತ್ರದ ಪುಸ್ತಕಗಳ ಧೂಳು ಕೊಡವಿದ. ಸಂಶೋಧನಾ ಗ್ರಂಥಗಳು ಅಪ್ಪ ಪಾಠ ಹೇಳಿದ ಕಾಲೇಜಿಗೆಂದು ತಾವಿಬ್ಬರೇ ತೀರ್ಮಾನಿಸಿದರು.

“ಪತ್ತೇದಾರಿ ಕಾದಂಬರಿಗಳೆಲ್ಲ ನಿಂಗೇ ಇರ್ಲಿ ಪುಟ್ಟಿ. ನೀನು ಓದೋದೂ ಅವನ್ನೇ ತಾನೆ?” ಎಂದ ದೊಡ್ಡಣ್ಣ, ದಾನಶೂರನ ಗತ್ತಿನಲ್ಲಿ.

ಕಣ್ಣು ಕಾಣದಾದ ಅಪ್ಪನಿಗೆ ಪುಟ್ಟಿ ಮಧ್ಯಾಹ್ನವೆಲ್ಲ ಓದಿ ಹೇಳುತ್ತಿದ್ದಳು. ಮೊದಲು ಒಂದಿಷ್ಟು ಪಾಂಡಿತ್ಯ, ಆಮೇಲೆ ಬಾಯಿ ಚಪ್ಪರಿಸುವಂತೆ ಒಂದು ಕೊಲೆ. ಕೊನೆಯ ಅಧ್ಯಾಯವನ್ನು ಮರುದಿನಕ್ಕೆ ಉಳಿಸುವುದು, ಅಷ್ಟರೊಳಗೆ ಕೊಲೆಗಾರ ಯಾರೆಂದು ಅಪ್ಪ ಊಹಿಸುವುದು ಅವರಿಬ್ಬರ ಕರಾರು. ಕೊನೆಯ ಕಾದಂಬರಿಗೆ ಆ ಮರುದಿನ ಬರಲೇ ಇಲ್ಲ. ಗುರುತಿಗಿಟ್ಟ ದಾರ ಹಾಗೇ ಇತ್ತು. ಅದರಾಚೆ ಓದಿದರೆ ಅಪ್ಪ ನಿಜಕ್ಕೂ ಮುಗಿದುಹೋಗುತ್ತಾರೆಂದು ಅವಳು ಮುಟ್ಟಿರಲಿಲ್ಲ.

ದೊಡ್ಡಣ್ಣ ಅದನ್ನೇ ಎತ್ತಿಕೊಂಡು ಹಿಂದಿನಿಂದ ಹಾಳೆ ಮಗುಚಿದ.

“ಬೇಡ ಅಣ್ಣ, ಅದನ್ನ ಕೊಡು.”

“ಏನು ಮಹಾ ಗುಟ್ಟು!” ದಾರ ಜಾರಿ ನೆಲಕ್ಕೆ ಬಿತ್ತು. “ನೋಡೋ, ಮುದುಕನ್ನ ಕೊಂದಿದ್ದು ಹಿರೇ ಮಗನಂತೆ!”

ಚಿಕ್ಕಣ್ಣನೂ ನಕ್ಕ.

“ಅಪ್ಪ ಆವತ್ತೇ ಹೇಳಿದ್ರು,” ಎಂದಳು ಪುಟ್ಟಿ. “‘ಬದುಕಿದ್ದಾಗ ತಲೆ ಹಾಕದವನು ಸತ್ತ ಮೇಲೆ ಓಡಿ ಬಂದ್ನಲ್ಲ, ಅವನೇ ಕಣೇ’ ಅಂದ್ರು.”

ನಗು ನಿಂತಿತು. ದೊಡ್ಡಣ್ಣ ಕಾದಂಬರಿಯನ್ನು ಕೆಳಗಿಟ್ಟು, ತಲೆ ತಗ್ಗಿಸಿ ಪೆಟ್ಟಿಗೆಗೆ ಟೇಪು ಸುತ್ತತೊಡಗಿದ. ಪುಟ್ಟಿ ದಾರ ಎತ್ತಿಕೊಂಡಳು. ಅಪ್ಪ ಗೆದ್ದಿದ್ದರು, ಅದನ್ನು ಹೇಳೋಣವೆಂದರೆ ಅವರೇ ಇರಲಿಲ್ಲ.