ಸಿಂಹಾಸನದ ಮೇಲಿನ ಬೆಕ್ಕು

ಮಿಯಾಂವಕ್ಕನ ಪಾತ್ರ ಕೈತಪ್ಪಿತು. ಕಸಿದುಕೊಂಡದ್ದು ಬೇರೆ ನಟಿಯಲ್ಲ, ನಾಟಕಮಂದಿರದ ಬೆಕ್ಕು! ದಿನವಿಡೀ ಆಫೀಸಿನ ಕುರ್ಚಿಯಲ್ಲಿ ನಿದ್ದೆ ಹೊಡೆಯುತ್ತಿದ್ದುದರಿಂದ ಅದಕ್ಕೆ ಎಲ್ಲರೂ ‘ಮ್ಯಾನೇಜರು’ ಎನ್ನುತ್ತಿದ್ದರು.

ನಾಟಕವೇ ಬೆಕ್ಕಿನ ಕಥೆ. ಒಂದು ಕಾಲದಲ್ಲಿ ಗುಡಿಯ ದೇವತೆ, ಆಮೇಲೆ ಹಡಗಿನಲ್ಲಿ ಇಲಿ ಹಿಡಿಯುವ ಕೂಲಿ, ಮುಂದೆ ಮಾಟಗಾತಿಯ ಜೊತೆಗಾತಿಯೆಂದು ಕಲ್ಲೇಟು, ಕೊನೆಗೆ ಕವಿಯ ಹಾಳೆಗಳ ಮೇಲೇ ನಿದ್ದೆ. ಇಷ್ಟೂ ಅವತಾರಗಳನ್ನು ವರ್ಷಗಟ್ಟಲೆ ಆಡಿ ಆಡಿ, ಮಿಯಾಂವಕ್ಕನಿಗೆ ಹೆತ್ತವರಿಟ್ಟ ಹೆಸರೇ ಮರೆತುಹೋಗಿತ್ತು.

ಹೊಸ ನಿರ್ದೇಶಕನಿಗೋ ಎಲ್ಲವೂ ಅಸಲಿಯಾಗಿರಬೇಕು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಬೆಕ್ಕೇ ಇರುವಾಗ ಮನುಷ್ಯರು ಯಾಕೆ? ನೀವು ಪಕ್ಕದಲ್ಲಿ ನಿಂತು ಬೇರೆಯವರಿಗೆ ಮಾತು ನೆನಪಿಸಿ, ಸಾಕು.”

“ಅಲ್ಲಪ್ಪಾ, ಬೆಕ್ಕು ಯಾರ ಮಾತು ಕೇಳುತ್ತೆ?”

“ತಾಲೀಮಲ್ಲಿ ನೋಡಿದ್ರಲ್ಲ? ಸಿಂಹಾಸನದ ದಿಂಬು ಬಿಟ್ಟು ಅಲ್ಲಾಡಲ್ಲ!”

ಅದೇನೋ ನಿಜ. ಮಿಯಾಂವಕ್ಕನ ಹೊಟ್ಟೆ ಉರಿಯಿತು. ಅವಳಿಗೆ ಬೇರೆ ಪಾತ್ರ ಕೊಟ್ಟವರೇ ಇಲ್ಲ. ಇದು ಹೋದರೆ ಬಣ್ಣ ಹಚ್ಚುವುದೇ ಮುಗಿದಂತೆ.

ಮೊದಲ ಪ್ರದರ್ಶನಕ್ಕೆ ಜನ ಕಿಕ್ಕಿರಿದಿದ್ದರು. ಮ್ಯಾನೇಜರು ಸಿಂಹಾಸನದಲ್ಲಿ ವಿರಾಜಮಾನರಾಗಿದ್ದರು. ಪರದೆ ಏಳುವ ಮುನ್ನ ಮೂರನೇ ಗಂಟೆ ಮೊಳಗಿತು. ಅಷ್ಟೇ, ಬಾಲ ನಿಮಿರಿಸಿ ಹಿಂಬಾಗಿಲಿಗೆ ಓಟ ಕಿತ್ತರು! ಪ್ರದರ್ಶನವಿದ್ದಾಗಲೆಲ್ಲ ಮೂರನೇ ಗಂಟೆ ಹೊಡೆದು ಕೈ ಬಿಡುವಾದ ಮೇಲೆಯೇ ಕಾವಲುಗಾರ ತಾತ ಅವರಿಗೆ ಹಾಲು ಹಾಕುತ್ತಿದ್ದ. ತಾಲೀಮಿಗೆ ಯಾರಾದರೂ ಗಂಟೆ ಹೊಡೆಯುತ್ತಾರೆಯೇ? ಹಾಗಾಗಿ ಇದು ಯಾರಿಗೂ ಹೊಳೆದಿರಲಿಲ್ಲ.

ಪರದೆ ಏಳತೊಡಗಿತು. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತ.

“ಅಕ್ಕಾ, ಮಾನ ಉಳಿಸಿ!”

“ನನ್ನ ವೇಷ ಎಲ್ಲಿ?”

“ಮಾರಿಬಿಟ್ಟೆ...”

“ಹಾಳಾಗಿ ಹೋಗ್ಲಿ,” ಎಂದ ಮಿಯಾಂವಕ್ಕ ಕನ್ನಡಕ ತೆಗೆದು ಅವನ ಕೈಗಿಟ್ಟು, ಅಂಗೈಯೂರಿ ನಾಲ್ಕು ಕಾಲಲ್ಲಿ ರಂಗಕ್ಕೆ ನಡೆದಳು.

ಪೂಜಾರಿಯ ಪಾತ್ರದವನು “ತಾಯೀ, ಇತ್ತ ನೋಡು” ಎಂದು ಅಡ್ಡಬಿದ್ದ. ಅವಳು ನೋಡಲಿಲ್ಲ. ಸಿಂಹಾಸನವೇರಿ ಸಭೆಗೆ ಬೆನ್ನು ತಿರುಗಿಸಿ, ಕೈ ನೆಕ್ಕಿ ಕಿವಿ ಒರೆಸಿಕೊಂಡಳು.

“ಅಮ್ಮಾ, ನಮ್ಮನೆ ಬೆಕ್ಕಿನ ಥರಾನೇ ಸೊಕ್ಕು!” ಎಂದು ಮಗುವೊಂದು ಕೂಗಿತು. ಸಭೆ ಗೊಳ್ಳೆಂದಿತು. ಕಲ್ಲೇಟಿನ ದೃಶ್ಯದಲ್ಲಿ ಅವಳು ಮುದುಡಿ ಕೂತಾಗ ಅದೇ ಸಭೆ ಉಸಿರು ಬಿಗಿಹಿಡಿಯಿತು.

ಕೊನೆಯ ದೃಶ್ಯ. ಕವಿಯ ಹಾಳೆಗಳನ್ನು ಸಿಂಹಾಸನಕ್ಕೆಳೆದುಕೊಂಡು ಅವಳು ಮಲಗಿದ್ದಾಗ, ಹಾಲು ಮುಗಿಸಿದ ಮ್ಯಾನೇಜರು ಮೀಸೆ ನೆಕ್ಕುತ್ತಾ ತಮ್ಮ ದಿಂಬು ಹುಡುಕಿಕೊಂಡು ರಂಗಕ್ಕೇ ಬಂದರು. ಅವಳನ್ನು ಕಂಡದ್ದೇ ತಡ, ಬೆನ್ನು ಬಿಲ್ಲಾಯಿತು, ಬಾಲ ಪೊರಕೆಯಾಯಿತು. ತಮ್ಮ ಜಾಗದಲ್ಲಿ ಇನ್ನೊಂದು ಬೆಕ್ಕು! ಬುಸ್ಸೆಂದರು.

ಮಿಯಾಂವಕ್ಕ ನಿಧಾನವಾಗಿ ಬೆನ್ನೆತ್ತಿ, ಹಲ್ಲು ಕಿರಿದು, ಅದಕ್ಕಿಂತ ಜೋರಾಗಿ ಬುಸ್ಸೆಂದಳು. ಮ್ಯಾನೇಜರು ಬಾಲ ಮುದುಡಿಕೊಂಡು ಬಂದ ದಾರಿ ಹಿಡಿದರು.

ಸಭೆಗೆ ಸಭೆಯೇ ಎದ್ದುನಿಂತು ಚಪ್ಪಾಳೆ ತಟ್ಟಿತು. ನಿರ್ದೇಶಕ ಕನ್ನಡಕ ಹಿಡಿದುಕೊಂಡೇ ಪಕ್ಕದಿಂದ ಕೂಗಿದ: “ಅಕ್ಕಾ, ಪಾತ್ರ ಇನ್ನು ನಿಮ್ಮದೇ! ಅಕ್ಕಾ, ಇಲ್ಲಿ ನೋಡಿ!”

ಮಿಯಾಂವಕ್ಕನಿಗೆ ಖುಷಿಯಿಂದ ಎದೆ ಬಿರಿಯುವಂತಿತ್ತು. ಆದರೂ ತಿರುಗಿ ನೋಡಲಿಲ್ಲ. ಕರೆದ ಕೂಡಲೇ ನೋಡಿದರೆ ಅದೆಂಥ ಬೆಕ್ಕು?